ಸುರ್ಲೆಯ ಕಾಡಿನ ಕರಿಕಲ್ಲ ಗುಡಿ

(ಫೋರ್ಟಿನಲ್ಲಿ ನೆರೆದ ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ನಿಂತವರು ನಾಡಿನ ಹಿರಿಮೆಯನ್ನು ಹಾಡಿ ಹೊಗಳುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಸೊಗಸಾಗಿ ಮಾಡಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ನಾವು ಇಂದು ಒಂದು ಸಣ್ಣ ಗುಡಿಯ ವಿಷಯವನ್ನಷ್ಟೇ ಹೇಳಬೇಕೆಂದು ಬಂದಿದ್ದೇವೆ. ಆ ಗುಡಿ ಇಂದಿನ ಕರ್ನಾಟಕದಲ್ಲಿಲ್ಲ, ಮುಂಬಯಿಯಲ್ಲಿಯೂ ಇಲ್ಲ. ಇಲ್ಲಿಂದ ನಮ್ಮೂರಿಗೆ ಹೋಗುವ ದಾರಿಯ ನಡುವೆ, ಗೋವೆಯ ಪೂರ್ವದ ಅಂಚಿನಲ್ಲಿ, ಸಹ್ಯಾದ್ರಿಯ ಬುಡದ ಕಾಡಿನೊಳಗೆ ಅಡಗಿದೆ. ತಾಂಬ್ಡಿ ಸುರ್ಲೆಯ ಮಹಾದೇವ ಗುಡಿಯೆಂದು ಅದರ ಹೆಸರು. ಕಳೆದ ಚಳಿಗಾಲದಲ್ಲಿ ನಮ್ಮ ಸಂಘದ ಕೆಲವು ಸಂಸಾರಗಳು ಮಕ್ಕಳುಮರಿ ಸಮೇತ ಅಲ್ಲಿಗೆ ಹೋಗಿ ಬಂದೆವು. ಅಲ್ಲಿ ನಾವು ಕಂಡದ್ದನ್ನು ಹೇಳುವುದು ಒಂದು. ಅಲ್ಲಿ ನಾವು ಪಟ್ಟ ಸಂಕೋಚವನ್ನು ಹೇಳುವುದು ಇನ್ನೊಂದು. ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳುವೆವು.

ಕಾಡಿಗೆ ಹೋಗುವ ಮೊದಲು ಈ ಫೋರ್ಟಿನ ಒಂದು ಕಟ್ಟಡದ ಮುಂದೆ ಒಂದು ಗಳಿಗೆ ನಿಲ್ಲೋಣ. ನಮ್ಮಲ್ಲಿ ಅನೇಕರು ದಿನಂಪ್ರತಿ ಕಚೇರಿಗೆ ಹೋಗುವಾಗ ಅದರ ದೊಡ್ಡ ಗುಮ್ಮಟವನ್ನು ನೋಡುತ್ತಾರೆ. ಹಿಂದೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎಂದು ಕರೆಯುತ್ತಿದ್ದ ಅದಕ್ಕೆ ೧೯೯೮ರಿಂದ ಛತ್ರಪತಿ ಶಿವಾಜಿ ಮಹಾರಾಜರ ಹೆಸರಿದೆ. ಅದರ ಗೋಡೆಯಲ್ಲಿ ಎರಡು ಬಗೆಯ ಕಲ್ಲುಗಳಿವೆ. ಹಳದಿ ಛಾಯೆಯ ಕಲ್ಲು ಮಾಲಾಡಿನದು. ಬೂದುಗಪ್ಪಿನ ಕಲ್ಲು ಕುರ್ಲಾದ್ದು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ನೆಲದೊಳಗಿನಿಂದ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾರಸವೇ ಈ ಕುರ್ಲಾದ ಕಲ್ಲು. ಭೂವಿಜ್ಞಾನಿಗಳು ಇದನ್ನು ಬಸಾಲ್ಟ್ ಎನ್ನುತ್ತಾರೆ. ನಮ್ಮವರು ಕರಿಕಲ್ಲು ಎನ್ನುತ್ತಾರೆ. ಮುಂಬಯಿಯಿಂದ ಬೆಳಗಾವಿಯ ಸೀಮೆಯವರೆಗೆ ದಖ್ಖನ್ನಿನ ಬಹುಭಾಗ ಇದೇ ಹಾಸಿನ ಮೇಲೆ ಕುಳಿತಿದೆ. ನಾವು ಹೇಳಹೊರಟ ಗುಡಿಯೂ ಇದೇ ಜಾತಿಯ ಕರಿಕಲ್ಲಿನದು. ಆದುದರಿಂದ ಫೋರ್ಟಿನಲ್ಲಿ ನಿಂತು ಆ ಗುಡಿಯ ಮಾತನ್ನು ಎತ್ತುವುದು ಅಷ್ಟೇನೂ ಅಸಂಗತವಲ್ಲ.

ಇನ್ನು ಆ ಸಂಗ್ರಹಾಲಯದ ಒಳಗೆ ಹೋದರೆ ನಮ್ಮ ಐಹೊಳೆಯಿಂದ ಬಂದ ಛಾವಣಿಯ ಶಿಲ್ಪಗಳನ್ನು ಕಾಣಬಹುದು. ೭ನೆಯ ಶತಮಾನದ ಚಾಲುಕ್ಯರ ಕೆಲಸ. ಋಷಿಗಳ ನಡುವೆ ಕುಳಿತ ಬ್ರಹ್ಮನಿದ್ದಾನೆ. ಒಂದು ಕಾಲಕ್ಕೆ ಜನ ತಲೆಯೆತ್ತಿ ನೋಡಿ ಕೈಮುಗಿಯುತ್ತಿದ್ದ ಆ ಮೂರ್ತಿ ಈಗ ನಮ್ಮ ಎದುರಿಗೇ ನಿಂತಿದೆ. ಧೂಳು ಕೂರದಂತೆ, ಕಳ್ಳರ ಕೈಗೆ ಸಿಗದಂತೆ ಕಾಪಾಡಿದ್ದಾರೆ. ಅದಕ್ಕೆ ನಾವು ಋಣಿಗಳು. ಆದರೆ ಅಲ್ಲಿ ದೀಪವಿಲ್ಲ, ಹೂವಿಲ್ಲ. ಹಳೆಯ ಗುಡಿಯ ಕಲ್ಲುಗಳಿಗೆ ಬರಬಹುದಾದ ಗತಿಗಳಲ್ಲಿ ಇದೊಂದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ನಾವು ಹಿರಿಯರು ಇಂದಿಗೂ ಬೋರಿಬಂದರು ಎನ್ನುವ ಇಲ್ಲಿನ ನಿಲ್ದಾಣದಿಂದಲೇ ಬೆಳಿಗ್ಗೆ ಮಾಂಡವಿ ಎಕ್ಸ್‌ಪ್ರೆಸ್ ಹತ್ತಿ, ಕೊಂಕಣದ ಸುರಂಗಗಳನ್ನು ಮಕ್ಕಳಿಂದ ಎಣಿಸಿಸುತ್ತ, ಸಂಜೆಗೆ ಗೋವೆಯ ಕರಮಳಿಯಲ್ಲಿ ಇಳಿದೆವು. ಆ ರಾತ್ರಿ ಫೋಂಡಾದಲ್ಲಿ ತಂಗಿದ್ದು ಮರುದಿನ ಬೆಳಿಗ್ಗೆ ಮೋಟಾರಿನಲ್ಲಿ ಹೊರಟೆವು. ಪಣಜಿಯಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ, ಅನಮೋಡ ಘಟ್ಟ ಏರುವ ಮೊದಲು, ಮೊಲೆಂ ಎಂಬ ಊರು ಸಿಕ್ಕುತ್ತದೆ. ಅಲ್ಲಿ ಹೆದ್ದಾರಿಯನ್ನು ಬಿಟ್ಟು ಉತ್ತರಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಒಳಗೆ ಹೋಗಬೇಕು. ಪಣಜಿಯಿಂದ ಲೆಕ್ಕ ಹಾಕಿದರೆ ಒಟ್ಟು ಸುಮಾರು ೬೫ ಕಿಲೋಮೀಟರು. ಮೊಲೆಂ ಸುತ್ತಿನ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಎರಡೂ ಸೇರಿ ಸುಮಾರು ೨೪೦ ಚದರ ಕಿಲೋಮೀಟರಿನ ಕಾಡು. ಮತ್ತಿ, ಕಿಂದಳ, ಬಿದಿರು ದಟ್ಟವಾಗಿ ಬೆಳೆದಿವೆ. ನಮ್ಮ ಉತ್ತರ ಕನ್ನಡದ ಕಾಡಿಗೂ ಇದಕ್ಕೂ ನಡುವೆ ಇರುವುದು ನಕಾಶೆಯ ಮೇಲಿನ ಗೆರೆ ಮಾತ್ರ. ಮರಗಳಿಗೆ ಆ ಗೆರೆ ಗೊತ್ತಿಲ್ಲ. ಯಲ್ಲಾಪುರದ ಕಡೆಯವರಾದ ನಮ್ಮ ಜೊತೆಗಾರರೊಬ್ಬರು ಕಿಟಕಿಯಿಂದ ತಲೆ ಹಾಕಿ, “ಇದು ನಮ್ಮ ಮನೆಯ ಹಿಂದಿನ ಗುಡ್ಡದ ವಾಸನೆ” ಎಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಕೊಂಕಣಿಯಲ್ಲಿ ತಾಂಬ್ಡಿ ಎಂದರೆ ಕೆಂಪು. ಹೆಸರಿಗೆ ತಕ್ಕಂತೆ ಹಾದಿಯ ಮಣ್ಣೆಲ್ಲ ಕೆಂಪು. ಆ ಕೆಂಪು ಮಣ್ಣು, ಹಸಿರು ಮರ ಇವುಗಳ ನಡುವೆ, ಬಯಲಾದ ಒಂದು ಜಾಗದಲ್ಲಿ, ಇದ್ದಕ್ಕಿದ್ದಂತೆ ಈ ಕರಿಯ ಗುಡಿ ಕಾಣಿಸಿಕೊಳ್ಳುತ್ತದೆ. ಬದಿಯಲ್ಲಿ ಸುರ್ಲೆಯ ಹೊಳೆ. ಅದಕ್ಕೆ ಇಳಿಯಲು ಮೆಟ್ಟಿಲು. ಹಿಂದೆ ಗೋಡೆಯಂತೆ ಎದ್ದ ಸಹ್ಯಾದ್ರಿ. ಸುತ್ತ ಪೇಟೆಯಿಲ್ಲ, ರಥಬೀದಿಯಿಲ್ಲ, ಅಗ್ರಹಾರವಿಲ್ಲ.

ಗುಡಿ ದೊಡ್ಡದಲ್ಲ. ಗರ್ಭಗೃಹ, ಅದರ ಮುಂದೆ ಅಂತರಾಳ, ಅದಕ್ಕೂ ಮುಂದೆ ಕಂಬಗಳ ಮಂಟಪ, ಅಷ್ಟೆ. ಮುಖ ಪೂರ್ವಕ್ಕೆ, ಬೆಳಗಿನ ಎಳೆಬಿಸಿಲು ನೇರವಾಗಿ ಒಳಗೆ ಬೀಳುವಂತೆ ಕಟ್ಟಿದ್ದಾರೆ. ಮಂಟಪಕ್ಕೆ ಮೂರು ಕಡೆಯಿಂದಲೂ ಬಾಗಿಲು. ನಡುವಿನ ನಾಲ್ಕು ಕಂಬಗಳ ಮೇಲೆ ಛಾವಣಿಯಲ್ಲಿ ಅರಳಿದ ಕಮಲವನ್ನು ಕಡೆದಿದ್ದಾರೆ. ಆ ಕಮಲದ ಕೆಳಗೆ ನಂದಿಯಿದೆ. ಅದರ ತಲೆ ಮುರಿದುಹೋಗಿದೆ. ತಲೆಯಿಲ್ಲದಿದ್ದರೂ ಅದು ಲಿಂಗದ ಕಡೆಗೇ ನೋಡುತ್ತಿರುವಂತೆ ನಮಗೆ ತೋರಿತು. ಒಂದು ಕಂಬದ ಬುಡದಲ್ಲಿ ಆನೆಯೊಂದು ಕುದುರೆಯನ್ನು ಮೆಟ್ಟುವ ಚಿತ್ರವಿದೆ. ಅದು ಕದಂಬರ ಗುರುತೆಂದು ಹೇಳುತ್ತಾರೆ. ಹೊರಗೆ ಶಿಖರದ ಮೈಮೇಲೆ ಬ್ರಹ್ಮ, ವಿಷ್ಣು, ಶಿವರ ಉಬ್ಬುಶಿಲ್ಪಗಳು. ಶಿಖರದ ತುದಿ ಇಲ್ಲ. ಮಂಟಪದ ಮೇಲೆ ಮಾತ್ರ ಯಾವ ಅಲಂಕಾರವೂ ಇಲ್ಲದ, ಇಳಿಜಾರಾಗಿ ಹೊದಿಸಿದ ಕಲ್ಲು ಚಪ್ಪಡಿಗಳು. ಮಳೆನಾಡಿನ ಮನೆಯ ಮಾಡನ್ನು ಕಂಡವರಿಗೆ ಆ ಇಳಿಜಾರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಕ್ಕುಂಡಿಯನ್ನೋ, ೧೧೧೨ರಲ್ಲಿ ಎದ್ದ ಇಟಗಿಯ ಮಹಾದೇವ ಗುಡಿಯನ್ನೋ ನೋಡಿದವರಿಗೆ ಈ ಗುಡಿ ಅವುಗಳ ಬಡ ತಂಗಿಯಂತೆ ಕಾಣುತ್ತದೆ. ಅಲ್ಲಿ ಶಿಲ್ಪಿಗೆ ದೊರೆತದ್ದು ಬಳಪದ ಜಾತಿಯ ಮೆತ್ತನೆಯ ಕಲ್ಲು. ಬೆಣ್ಣೆಯಂತೆ ಕಡೆದು ಕುಸುರಿ ತೆಗೆಯಬಹುದಾಗಿತ್ತು. ಇಲ್ಲಿಯದು ಉಳಿಗೆ ಸುಲಭವಾಗಿ ಬಗ್ಗದ ಗಟ್ಟಿ ಕರಿಕಲ್ಲು. ಆದುದರಿಂದ ಕೆತ್ತನೆ ಮಿತವಾಗಿದೆ, ಇದ್ದಷ್ಟು ಅಚ್ಚುಕಟ್ಟಾಗಿದೆ. ಗೋವೆಯಲ್ಲಿ ಮನೆ ಕಟ್ಟುವ ಕಲ್ಲು ನಮ್ಮ ಕರಾವಳಿಯಂತೆಯೇ ಕೆಂಪು ಮುರಕಲ್ಲು. ಅದನ್ನು ಬಿಟ್ಟು, ಈ ಕರಿಕಲ್ಲನ್ನು ಘಟ್ಟದ ಮೇಲಿನಿಂದ ಸಾಗಿಸಿ ತಂದು ಗುಡಿ ಕಟ್ಟಿದರೆಂದು ಹೇಳುತ್ತಾರೆ. ಆ ಇಳಿಜಾರಿನಲ್ಲಿ, ಆ ಕಾಡಿನಲ್ಲಿ, ಕಲ್ಲುಗಳನ್ನು ಇಳಿಸಿದ ಆ ಜನರ ಹೆಸರನ್ನು ಯಾರೂ ಬರೆದಿಡಲಿಲ್ಲ. ಗಾರೆಯ ಹಂಗಿಲ್ಲದೆ, ಕಲ್ಲಿಗೆ ಕಲ್ಲು ಕೂಡುವಂತೆ ಜೋಡಿಸಿಟ್ಟುಹೋದರು. ಘಟ್ಟ ಇಳಿದು ಬೇರೆ ಸೀಮೆಗೆ ಬಂದು, ಅಲ್ಲಿಯ ಮಳೆಗಾಳಿಗೆ ಒಗ್ಗಿಕೊಂಡು, ಒಬ್ಬರಿಗೊಬ್ಬರು ಆತುಕೊಂಡು ನಿಲ್ಲುವುದು ಏನೆಂಬುದು ಈ ಸಭೆಯಲ್ಲಿರುವವರಿಗೆ ಗೊತ್ತೇ ಇದೆ.

ಈಗ ಕಟ್ಟಿಸಿದವರ ವಿಷಯ. ಗುಡಿ ೧೨–೧೩ನೆಯ ಶತಮಾನದ್ದು; ಗೋವೆಯ ಕದಂಬರ ಕಾಲದ್ದೆಂದು ಹೇಳುವುದು ರೂಢಿ. ದೇವಗಿರಿಯ ಯಾದವ ರಾಮಚಂದ್ರನ ಮಂತ್ರಿ ಹೇಮಾದ್ರಿಯ ಹೆಸರನ್ನು ಹೇಳುವವರೂ ಉಂಟು. ಮಹಾರಾಷ್ಟ್ರದಲ್ಲಿ ಹಳೆಯ ಕರಿಕಲ್ಲಿನ ಗುಡಿ ಎಲ್ಲಿ ಕಂಡರೂ ಹೇಮಾಡಪಂತಿ ಎನ್ನುವ ಪದ್ಧತಿ ನಿಮಗೆ ಗೊತ್ತಿದೆ. ಕದಂಬರೆಂದೊಡನೆ ನಮಗೆ ನೆನಪಾಗುವುದು ಬನವಾಸಿ, ೪ನೆಯ ಶತಮಾನದ ಮಯೂರಶರ್ಮ, ತಾಳಗುಂದದ ಶಾಸನ. ಆ ವಂಶದ ಹೆಸರನ್ನೇ ಹೊತ್ತು ಕೆಲವು ಶತಮಾನಗಳ ತರುವಾಯ ಗೋವೆಯಲ್ಲಿ ಆಳಿದವರು ಇವರು. ೧೧ನೆಯ ಶತಮಾನದ ನಡುವಿನಲ್ಲಿ ಇವರ ಒಂದನೆಯ ಜಯಕೇಶಿ ಗೋಪಕಪಟ್ಟಣವನ್ನು ರಾಜಧಾನಿ ಮಾಡಿಕೊಂಡ. ಹಡಗುಗಳು ಬಂದುಹೋಗುತ್ತಿದ್ದ ರೇವುಪಟ್ಟಣವದು. ಎರಡನೆಯ ಜಯಕೇಶಿಗೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ ತನ್ನ ಮಗಳು ಮೈಲಲದೇವಿಯನ್ನು ಕೊಟ್ಟು ಮದುವೆ ಮಾಡಿದ. ಘಟ್ಟದ ಮೇಲೆ ಹಲಸಿಯ ಸೀಮೆಯೂ ಇವರ ಕೈಯಲ್ಲಿತ್ತು. ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ೧೨ನೆಯ ಶತಮಾನದಲ್ಲಿ ಕಿತ್ತೂರಿನ ಬಳಿಯ ದೇಗಾವಿಯಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ ಇಂದಿಗೂ ಇದೆ. ಘಟ್ಟದ ಮೇಲೊಂದು ಕಾಲು, ಕಡಲ ದಡದಲ್ಲೊಂದು ಕಾಲು ಇಟ್ಟು ಆಳಿದ ಅರಸರು ಇವರು. ಇವೆರಡರ ನಡುವೆ ಹತ್ತಿ ಇಳಿಯುವ ಹಾದಿಗಳ ಸೀಮೆಯಲ್ಲಿ ಈ ಮಹಾದೇವ ಕುಳಿತಿದ್ದಾನೆ.

ಈ ಅರಸರ ಕಥೆಯನ್ನು ನಮಗೆ ಒದಗಿಸಿಕೊಟ್ಟವರು ಯಾರು? ಅದನ್ನೂ ಫೋರ್ಟಿನಲ್ಲಿಯೇ ಹೇಳಬೇಕು. ಇಲ್ಲಿನ ಟೌನ್ ಹಾಲಿನ ಎತ್ತರದ ಮೆಟ್ಟಿಲುಗಳ ಮೇಲೆ ಮಧ್ಯಾಹ್ನದ ಡಬ್ಬಿ ಬಿಚ್ಚಿ ಉಂಡವರು ನಮ್ಮಲ್ಲಿ ಹಲವರಿದ್ದಾರೆ. ಆ ಮೆಟ್ಟಿಲು ಹತ್ತಿದರೆ ಏಷ್ಯಾಟಿಕ್ ಸೊಸೈಟಿ. ೧೯ನೆಯ ಶತಮಾನದಲ್ಲಿ ಫ್ಲೀಟ್ ಎಂಬ ಆಂಗ್ಲ ಅಧಿಕಾರಿ ಗೋವೆಯ ಕದಂಬರ ಶಾಸನಗಳನ್ನು ಆ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ೧೮೮೨ರಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಅರಸುಮನೆತನಗಳ ಮೇಲೆ ಪುಸ್ತಕ ಬರೆದ. ಮುಂದೆ ೧೯೩೧ರಲ್ಲಿ, ಧೋಬಿ ತಲಾವಿನ ಸೇಂಟ್ ಜೇವಿಯರ್ ಕಾಲೇಜಿನ ಹೆರಾಸ್ ಪಾದ್ರಿಗಳ ಶಿಷ್ಯರಾದ ಜಾರ್ಜ್ ಮೊರೆಸ್ ಎಂಬ ವಿದ್ವಾಂಸರು ‘ಕದಂಬ ಕುಲ’ ಎಂಬ ಇಂಗ್ಲಿಷ್ ಗ್ರಂಥವನ್ನು ಬರೆದರು. ಅದು ಅಚ್ಚಾದದ್ದೂ ಮುಂಬಯಿಯಲ್ಲೇ. ಒಬ್ಬ ಆಂಗ್ಲ ಅಧಿಕಾರಿ, ಒಬ್ಬ ಸ್ಪೇನಿನ ಪಾದ್ರಿಯ ಶಿಷ್ಯ! ನಾವು ನಮ್ಮದೆಂದು ಎದೆ ತಟ್ಟಿಕೊಳ್ಳುವ ಚರಿತ್ರೆಯ ಧೂಳನ್ನು ಒರೆಸಿದವರಲ್ಲಿ ಇವರೂ ಸೇರಿದ್ದಾರೆ.

ನಮ್ಮ ಮಕ್ಕಳಾದರೋ ಕದಂಬ ಎಂಬ ಹೆಸರನ್ನು ಆ ಪ್ರವಾಸದಲ್ಲಿ ಬೇರೊಂದು ಕಡೆ ಕಂಡಿದ್ದರು. ಗೋವೆಯ ಸರ್ಕಾರಿ ಬಸ್ಸುಗಳಿಗೆ ಆ ಹೆಸರಿದೆಯಷ್ಟೆ. ಫೋಂಡಾದ ನಿಲ್ದಾಣದಲ್ಲಿ ಅದನ್ನು ನೋಡಿದ್ದ ಹುಡುಗನೊಬ್ಬ, ಗುಡಿಯ ಮುಂದೆ ನಾವು ಚರಿತ್ರೆ ಹೇಳತೊಡಗಿದಾಗ, “ಕದಂಬ ಅಂದ್ರೆ ಬಸ್ ಅಲ್ವಾ, ಅಜ್ಜಾ?” ಎಂದು ಕೇಳಿದ. ಎಲ್ಲರೂ ನಕ್ಕೆವು. ನಕ್ಕ ಮೇಲೆ, ಆ ಹುಡುಗನಿಗೆ ಬೇರೆ ಕದಂಬರ ಪರಿಚಯವನ್ನು ನಾವು ಎಂದು ಮಾಡಿಕೊಟ್ಟಿದ್ದೆವು ಎಂದು ಯೋಚಿಸಿದರೆ ನಗು ಅಷ್ಟು ಸಲೀಸಾಗಲಿಲ್ಲ.

ಈ ಗುಡಿ ಉಳಿದದ್ದು ಹೇಗೆ ಎಂಬುದು ತಿಳಿಯಬೇಕಾದರೆ ಅದರ ನೆರೆಹೊರೆಯವರಿಗೆ ಏನಾಯಿತೆಂದು ನೋಡಬೇಕು. ಗೋವೆಯ ಕದಂಬರ ಮನೆದೇವರು ಸಪ್ತಕೋಟೀಶ್ವರ. ತಮ್ಮ ಚಿನ್ನದ ನಾಣ್ಯಗಳ ಮೇಲೂ ಆ ದೇವರ ಹೆಸರನ್ನು ಹಾಕಿಸಿದ್ದರು. ದಿವಾಡಿ ದ್ವೀಪದಲ್ಲಿದ್ದ ಅದರ ಗುಡಿ ೧೪ನೆಯ ಶತಮಾನದಲ್ಲಿ ಹಾಳಾದಾಗ, ಆ ಶತಮಾನದ ಕೊನೆಗೆ ವಿಜಯನಗರದ ಮಾಧವ ಮಂತ್ರಿ ದೇವರನ್ನು ಮತ್ತೆ ಪ್ರತಿಷ್ಠೆ ಮಾಡಿಸಿದ. ೧೫೧೦ರಲ್ಲಿ ಪೋರ್ತುಗೀಜರು ಗೋವೆಯನ್ನು ಹಿಡಿದರು. ಆ ಶತಮಾನದಲ್ಲೇ ದ್ವೀಪದ ಗುಡಿಗಳು ನೆಲಸಮವಾದವು. ಸಪ್ತಕೋಟೀಶ್ವರನ ಲಿಂಗವನ್ನು ಭಕ್ತರು ಹೊಳೆ ದಾಟಿಸಿ ಡಿಚೋಲಿ ಸೀಮೆಯ ನಾರ್ವೆಗೆ ಒಯ್ದರು. ಅಲ್ಲಿ ೧೬೬೮ರಲ್ಲಿ ಶಿವಾಜಿ ಮಹಾರಾಜರು ಗುಡಿಯ ಜೀರ್ಣೋದ್ಧಾರ ಮಾಡಿಸಿದರು. ಕದಂಬರ ದೇವರನ್ನು ಎತ್ತಿ ನಿಲ್ಲಿಸಿದವರಲ್ಲಿ ಕನ್ನಡ ಸಾಮ್ರಾಜ್ಯದ ಮಂತ್ರಿಯೂ ಉಂಟು, ಮರಾಠಿ ಛತ್ರಪತಿಯೂ ಉಂಟು, ರಾತ್ರಿ ಹೊಳೆ ದಾಟಿರಬಹುದಾದ ಹೆಸರಿಲ್ಲದ ಕೊಂಕಣಿ ಜನರೂ ಉಂಟು. ಅದೇ ಕಾಲದಲ್ಲಿ ಮಂಗೇಶ, ಶಾಂತಾದುರ್ಗೆಯರೂ ತಮ್ಮ ಮೂಲಸ್ಥಾನ ಬಿಟ್ಟು ಫೋಂಡಾದ ಕಡೆಗೆ ಬಂದರು. ದೇವರೊಡನೆ ಮನುಷ್ಯರೂ ಹೊರಟರು. ಅಂದು ಗೋವೆಯಿಂದ ಹೊರಟು ಕಾರವಾರ, ಕುಮಟೆ, ಮಂಗಳೂರುಗಳಿಗೆ ಬಂದವರ ಮಕ್ಕಳ ಮಕ್ಕಳು ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತು, ಆಮೇಲೆ ಮುಂಬಯಿಗೆ ಬಂದು ಈ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ.

ಸುರ್ಲೆಯ ಮಹಾದೇವ ಮಾತ್ರ ಎಲ್ಲಿಗೂ ಹೋಗಲಿಲ್ಲ. ಆ ಭಾಗ ಪೋರ್ತುಗೀಜರ ಕೈಗೆ ಬಂದದ್ದು ೧೮ನೆಯ ಶತಮಾನದ ಉತ್ತರಾರ್ಧದಲ್ಲಿ; ಅಷ್ಟು ಹೊತ್ತಿಗೆ ಗುಡಿ ಕೆಡಹುವ ಉತ್ಸಾಹ ಅಡಗಿತ್ತು. ಅದಕ್ಕೂ ಮೊದಲು ಬಂದುಹೋದ ದಂಡುಗಳಿಂದ ಅದನ್ನು ಮರೆಸಿದ್ದು ಕಾಡು. ಹೀಗೆ ಕದಂಬರ ಕಾಲದ ಕರಿಕಲ್ಲಿನ ಗುಡಿಗಳ ಪೈಕಿ ಗೋವೆಯಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಉಳಿದದ್ದು ಇದೊಂದೇ. ಕಾಡು ಕಾಪಾಡಿತು ಎಂದು ಮೋಟಾರಿನಲ್ಲಿ ಕುಳಿತು ನಾವೂ ಬಹಳ ಅಭಿಮಾನದಿಂದ ಹೇಳಿಕೊಂಡೆವು. ಅದು ಅರ್ಧ ಮಾತ್ರ ನಿಜವೆಂಬುದು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಯಿತು.

ನಾವು ಪಟ್ಟ ಸಂಕೋಚದ ಕಥೆ ಇಲ್ಲಿಂದ ಆರಂಭ. ಮುಂಬಯಿಯಿಂದ ಹೊರಡುವಾಗ ನಮ್ಮ ಸಂಘದ ಹೆಸರಿನ ದೊಡ್ಡ ಫಲಕವನ್ನು, ಹಳದಿ ಕೆಂಪು ಬಟ್ಟೆಯ ಮೇಲೆ ಬರೆಸಿದ್ದನ್ನು, ಜತನದಿಂದ ಸುತ್ತಿ ತಂದಿದ್ದೆವು. ಗುಡಿಯ ಕಂಬದಿಂದ ಕಂಬಕ್ಕೆ ಅದನ್ನು ಕಟ್ಟಿ ಎಲ್ಲರೂ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳಬೇಕೆಂದು ನಮ್ಮ ಉದ್ದೇಶ. ಹಗ್ಗ ಬಿಚ್ಚುತ್ತಿದ್ದಂತೆಯೇ ಕಾವಲುಗಾರ ಬಂದು, ಕಂಬಕ್ಕೆ ಏನನ್ನೂ ಕಟ್ಟಕೂಡದೆಂದ. ಅವನು ಹೇಳಿದ್ದೇ ಸರಿ. ಎಂಟು ಶತಮಾನಗಳ ಕಂಬಕ್ಕೆ ನೈಲಾನು ಹಗ್ಗ ಕಟ್ಟಲು ಹೊರಟವರು ನಾವು. ತಲೆ ತಗ್ಗಿಸಿ, ಹೊರಗೆ ಹುಲ್ಲಿನ ಮೇಲೆ ನಿಂತು, ಇಬ್ಬರು ತರುಣರಿಂದ ಫಲಕವನ್ನು ಎತ್ತಿ ಹಿಡಿಸಿ ಚಿತ್ರ ತೆಗೆಸಿಕೊಂಡೆವು. ಊರಿಗೆ ಬಂದು ನೋಡಿದರೆ ಫಲಕ ಎಷ್ಟು ಚೆನ್ನಾಗಿ ಬಿದ್ದಿದೆಯೆಂದರೆ, ಅದರ ಹಿಂದೆ ಗುಡಿಯೇ ಕಾಣುವುದಿಲ್ಲ! ಶಿಖರದ ಮುರಿದ ತುದಿ ಮಾತ್ರ ‘ಸಂಘ’ ಎಂಬ ಅಕ್ಷರದ ಮೇಲೆ ಇಣುಕುತ್ತಿದೆ. ಆ ಚಿತ್ರವನ್ನು ಈ ಸಂಚಿಕೆಯಲ್ಲಿ ಹಾಕಿಲ್ಲವೇಕೆಂದು ಕೇಳಿದವರಿಗೆ ಇದೇ ಉತ್ತರ.

ಅಷ್ಟರಲ್ಲಿ ಹತ್ತಿರದ ಹಳ್ಳಿಯ ಮುದುಕಿಯೊಬ್ಬಳು, ಎಲೆಯಲ್ಲಿ ಹೂ ಕಟ್ಟಿಕೊಂಡು, ಚಪ್ಪಲಿಯಿಲ್ಲದ ಕಾಲಿನಲ್ಲಿ ಬಂದಳು. ಒಳಗೆ ಹೋಗಿ ಲಿಂಗದ ಮುಂದೆ ಹೂವಿಟ್ಟು, ತಲೆಯಿಲ್ಲದ ನಂದಿಯ ಬೆನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಗೆ ಬಂದಳು. ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಅಭಿಮಾನ ತಡೆಯದಾಯಿತು. “ಅಮ್ಮಾ, ಈ ಗುಡಿ ಕಟ್ಟಿಸಿದವರು ನಮ್ಮ ಅರಸರು. ನಾವು ಕನ್ನಡದವರು” ಎಂದರು. ಕುಮಟೆಯ ಕಡೆಯ ನಮ್ಮ ಅಕ್ಕನೊಬ್ಬರು ಅದನ್ನು ಕೊಂಕಣಿಯಲ್ಲಿ ತಿಳಿಸಿದರು. ಆಕೆ ನಮ್ಮನ್ನೆಲ್ಲ ಒಮ್ಮೆ ನೋಡಿ, ಮುಖವರಳಿಸಿ, “ಹೌದೇ! ಹಾಗಾದರೆ ಶಿವರಾತ್ರಿಗೆ ಬರುತ್ತೀರಲ್ಲವೇ?” ಎಂದು ಕೇಳಿದಳು.

ಆಕೆಯ ಮಾತಿನಲ್ಲಿ ಕೊಂಕಿರಲಿಲ್ಲ. ಗುಡಿ ನಿಮ್ಮವರದಾದರೆ ಜಾತ್ರೆಗೆ ನೀವು ಬರಬೇಕಾದದ್ದೇ. ಮನೆಯವರನ್ನು ಹಬ್ಬಕ್ಕೆ ಕರೆಯುವ ರೀತಿಯಲ್ಲಿ ಕರೆದಳು. ಅಲ್ಲಿ ಪ್ರತಿ ಶಿವರಾತ್ರಿಗೂ ಸುತ್ತಲಿನ ಹಳ್ಳಿಯವರು ಸೇರಿ ಉತ್ಸವ ಮಾಡುತ್ತಾರೆ. ನಮ್ಮ ಹಿರಿಯರು ಏನು ಹೇಳಿದರು ಗೊತ್ತೇ? “ನೋಡೋಣ, ಅಮ್ಮಾ” ಎಂದರು. ಮುಂಬಯಿಯಲ್ಲಿ ‘ನೋಡೋಣ’ ಎಂದರೆ ಏನರ್ಥವೆಂದು ನಿಮಗೆಲ್ಲ ತಿಳಿದಿದೆ. ಆಕೆಗೆ ತಿಳಿಯಲಿಲ್ಲ, ಸಂತೋಷದಿಂದ ತಲೆಯಾಡಿಸಿ, ಹೊಳೆಯ ಕಡೆಗೆ ಇಳಿದುಹೋದಳು.

ಬಂಧುಗಳೇ, ಹಿಂದಿರುಗಿ ಬರುವಾಗ ನಮ್ಮ ಮೋಟಾರಿನಲ್ಲಿ ಈ ಮಾತೇ ಮಾತು. ಒಬ್ಬರೆಂದರು: “ನಮ್ಮದೆನ್ನುವುದರಲ್ಲಿ ತಪ್ಪೇನು? ಚರಿತ್ರೆ ಸುಳ್ಳೇ?” ಚರಿತ್ರೆ ಸುಳ್ಳಲ್ಲ. ಕದಂಬರು ಕನ್ನಡದ ಅರಸರೆನ್ನುವುದಕ್ಕೆ ನಾಚಬೇಕಾಗಿಲ್ಲ. ಇನ್ನೊಬ್ಬರೆಂದರು: “ಗುಡಿಯನ್ನು ಕಾಡು ಕಾಪಾಡಿದೆ, ನಾವು ಏನು ಮಾಡಬೇಕಾಗಿತ್ತು?” ಈ ಮಾತೇ ನಮ್ಮನ್ನು ಕುಟುಕಿತು. ಕಾಡು ಕಾಪಾಡಿದ್ದು ಕಲ್ಲನ್ನು. ನಾಲ್ಕು ಮಳೆಗಾಲ ಯಾರೂ ತಿರುಗಿ ನೋಡದಿದ್ದರೆ ಅದೇ ಕಾಡು ಕಲ್ಲಿನ ಸಂದಿಯಲ್ಲಿ ಆಲದ ಬೀಜ ನೆಟ್ಟು ಗುಡಿಯನ್ನೇ ಸೀಳುತ್ತದೆ. ಅಂಥ ಗುಡಿಗಳನ್ನು ನಮ್ಮ ಮಲೆನಾಡಿನಲ್ಲಿ ನೀವೂ ಕಂಡಿದ್ದೀರಿ. ಈ ಗುಡಿ ಗುಡಿಯಾಗಿ ಉಳಿದಿರುವುದು ಅಲ್ಲಿಯ ಹಳ್ಳಿಯವರು ಹೂವಿಟ್ಟು ದೀಪ ಹಚ್ಚುವುದರಿಂದ. ಇಂದಿನ ಪುರಾತತ್ತ್ವ ಇಲಾಖೆಯ ಕಾವಲಿನಿಂದ. ಜಯಕೇಶಿ ಯಾರೆಂದು ಆ ಮುದುಕಿಗೆ ತಿಳಿಯದೆ ಇರಬಹುದು. ಜಯಕೇಶಿಯ ಕಾಲದ ದೇವರಿಗೆ ಹೂ ತಪ್ಪಿಸಿಲ್ಲ. ಜಯಕೇಶಿ ಯಾರೆಂದು ಬಲ್ಲ ನಾವು ಒಂದು ದಿನದ ಮಟ್ಟಿಗೆ ಹೋಗಿ, ಫಲಕ ಬಿಚ್ಚಿ, ಸುತ್ತಿಕೊಂಡು ಬಂದೆವು.

ನಮ್ಮದು, ನಿಮ್ಮದು ಎಂಬ ಈ ವಾದ ಗುಡಿಯಲ್ಲಿ ಮಾತ್ರವೇ? ಗುಡಿಯ ಬದಿಯ ಹೊಳೆಯ ನೀರು ಕೊನೆಗೆ ಸೇರುವುದು ಮಾಂಡವಿಯನ್ನು. ಘಟ್ಟದ ಮೇಲೆ ಮಹದಾಯಿ ಎನ್ನಿಸಿಕೊಂಡದ್ದೇ ಕೆಳಗೆ ಮಾಂಡವಿ. ಅದರ ನೀರಿನ ಪಾಲಿಗಾಗಿ ಕರ್ನಾಟಕ, ಗೋವೆ, ಮಹಾರಾಷ್ಟ್ರಗಳು ೨೦೧೦ರಲ್ಲಿ ನೇಮಕವಾದ ನ್ಯಾಯಾಧಿಕರಣದ ಮುಂದೆ ನಿಂತವು. ೨೦೧೮ರಲ್ಲಿ ತೀರ್ಪು ಬಂದ ಮೇಲೂ ವಾದ ನಿಲ್ಲಲಿಲ್ಲ. ಆ ವಾದದ ನ್ಯಾಯಾನ್ಯಾಯವನ್ನು ಇಲ್ಲಿ ತೂಗುವುದಿಲ್ಲ. ಪಾಲು ಕೇಳುವಾಗ ನಮ್ಮ ದನಿ ಗಟ್ಟಿಯಾಗಿರುತ್ತದೆ, ಪಾಲನೆಯ ಸರದಿ ಬಂದಾಗ ‘ನೋಡೋಣ’ ಎನ್ನುತ್ತೇವೆ. ಇಷ್ಟನ್ನು ಒಪ್ಪಿಕೊಂಡರೆ ಸಾಕು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಈ ಫೋರ್ಟಿನ ಬೋರಾ ಬಜಾರು, ಮೋದಿ ಸ್ಟ್ರೀಟುಗಳ ಹೋಟೆಲುಗಳಲ್ಲಿ ಹಗಲೆಲ್ಲ ಕಪ್ಪುಬಸಿ ತೊಳೆದು, ರಾತ್ರಿಶಾಲೆಯ ಬೆಂಚಿನ ಮೇಲೆ ನಿದ್ದೆ ತಡೆದು ಕನ್ನಡ ಅಕ್ಷರ ಓದಿದ ಹುಡುಗರಿದ್ದರು. ಅವರಲ್ಲಿ ಕೆಲವರು ಮುಂದೆ ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು, ಸ್ವಂತ ಹೋಟೆಲು ತೆರೆದರು. ಅವರಿಗೆ ಕನ್ನಡ ಅಭಿಮಾನದ ವಿಷಯವಾಗಿರಲಿಲ್ಲ. ತಾಯಿಗೆ ಕಾಗದ ಬರೆಯುವ ಸಾಧನವಾಗಿತ್ತು. ಅವರು ಆ ದೀಪಕ್ಕೆ ದಿನವೂ ಎಣ್ಣೆ ಹಾಕಿದವರು. ಇಂದು ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಹಿಂದೊಮ್ಮೆ ಬೆಂಚು ಸಾಲದೆ ಚಾಪೆ ಹಾಸುತ್ತಿದ್ದೆವು. ಈಗ ಒಂದೇ ಬೆಂಚು ಸಾಕಾಗುತ್ತದೆ. ರಾಜ್ಯೋತ್ಸವದ ಫಲಕ ಮಾತ್ರ ವರ್ಷದಿಂದ ವರ್ಷಕ್ಕೆ ದೊಡ್ಡದಾಗಿದೆ. ಫಲಕ ಗುಡಿಯನ್ನು ಮರೆಮಾಡಿದ ಆ ಚಿತ್ರ ನಮ್ಮ ಕಣ್ಣ ಮುಂದಿನಿಂದ ಹೋಗದಿರುವುದು ಇದರಿಂದಲೇ.

ಮಕ್ಕಳನ್ನು ಬೈಯಲು ನಾವು ಇಲ್ಲಿ ನಿಂತಿಲ್ಲ. ಕದಂಬ ಅಂದರೆ ಬಸ್ಸಲ್ಲವೇ ಎಂದು ಕೇಳಿದ ಆ ಹುಡುಗ ಮರಾಠಿ, ಹಿಂದಿ, ಇಂಗ್ಲಿಷು ಮೂರನ್ನೂ ಚೆನ್ನಾಗಿ ಓದುತ್ತಾನೆ. ಹಿಂದಿರುಗಿದ ಮೇಲೆ ಅವನನ್ನೂ ಅವನ ಗೆಳೆಯರನ್ನೂ ನಾವು ಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ ಐಹೊಳೆಯ ಬ್ರಹ್ಮನನ್ನು ತೋರಿಸಿದೆವು. ಹೊರಗೆ ಬಂದು ಗೋಡೆಯ ಕರಿಕಲ್ಲಿನ ಮೇಲೆ ಕೈಯಿಡಿಸಿ, ಸುರ್ಲೆಯ ಕಲ್ಲೂ ಇದೇ ಜಾತಿ ಎಂದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಆ ಅಜ್ಜಿಗೆ ನಾವು ಬರ್ತೇವೆ ಅಂತ ಹೇಳಿದ್ದೇವಲ್ಲ, ಯಾವಾಗ ಹೋಗುವುದು?” ಎಂದ. ‘ನೋಡೋಣ’ ಎಂಬುದನ್ನು ಅವನು ಕನ್ನಡದ ಅರ್ಥದಲ್ಲಿ ಹಿಡಿದಿದ್ದ. ಮುಂಬಯಿಯ ಅರ್ಥದಲ್ಲಿ ಅಲ್ಲ.

ಆದುದರಿಂದ ನಾವು ಕೆಲವರು ನಿಶ್ಚಯಿಸಿದ್ದೇವೆ. ಬರುವ ಶಿವರಾತ್ರಿಗೆ ತಾಂಬ್ಡಿ ಸುರ್ಲೆಗೆ ಹೋಗುವೆವು. ಈ ಸಲ ಫಲಕ ಒಯ್ಯುವುದಿಲ್ಲ. ಹೂವು, ಎಣ್ಣೆ, ಅಲ್ಲಿಯ ಮಕ್ಕಳಿಗೆ ಹಂಚಲು ಒಂದಿಷ್ಟು ಬೆಲ್ಲ ಕೊಬ್ಬರಿ ಒಯ್ಯುವೆವು. ಕಟ್ಟಿಸಿದವರ ಕಡೆಯವರೆಂದು ಹೇಳಿಕೊಳ್ಳುವುದಿಲ್ಲ, ಕರೆದಿದ್ದೀರೆಂದು ಬಂದೆವೆನ್ನುವೆವು. ಆ ಪ್ರವಾಸಕ್ಕೆ ಬರುವ ಮಕ್ಕಳು ಅಷ್ಟರೊಳಗೆ ಭಾನುವಾರದ ತರಗತಿಗೆ ಬಂದು, ಊರಿನಲ್ಲಿರುವ ಅಜ್ಜನಿಗೋ ಅಜ್ಜಿಗೋ ತಮ್ಮ ಕೈಯಾರೆ ಒಂದು ಕನ್ನಡ ಕಾಗದ ಬರೆಯಬೇಕೆಂದು ಕೇಳಿಕೊಂಡಿದ್ದೇವೆ. ಕಾಗದದಲ್ಲಿ ತಪ್ಪಿದ್ದರೂ ಚಿಂತೆಯಿಲ್ಲ. ತಲೆ ಮುರಿದ ನಂದಿಯನ್ನೂ ಅವರು ಅಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ.

ಬರುವ ಮನಸ್ಸಿದ್ದವರು ಸಭೆ ಮುಗಿದ ಮೇಲೆ ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಬರೆಸಬೇಕೆಂದು ವಿನಂತಿ. ಅಲ್ಲಿರುವ ಕಾರ್ಯಕರ್ತರಿಗೆ ‘ನೋಡೋಣ’ ಎಂಬ ಉತ್ತರವನ್ನು ಬರೆದುಕೊಳ್ಳಬಾರದೆಂದು ಹೇಳಿದ್ದೇವೆ.